ಊರು ಕಣ್ಣು ಮುಚ್ಚಿದ ಹೊತ್ತು

"ನಿಂದ್ರು! ಅಕ್ಕಾ, ನಿಂದ್ರು! ಕೆರಿ ಇನ್ನಾ ಬಂದಿಲ್ಲ!"

ಗೋಪುರದ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ನಾನು ಕೂಗುತ್ತಿದ್ದೆ. ಕಸ್ತೂರಕ್ಕ ಕೇಳಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಹಿಟ್ಟು ಮೆತ್ತಿದ ಕೈಗಳನ್ನು ಬೀಸುತ್ತ ಕೆರೆ ರಸ್ತೆಯಲ್ಲಿ ಓಡುತ್ತಿದ್ದಳು. ಅವಳ ಹಿಂದೆ ರಸ್ತೆ ಇತ್ತು, ಕಾಲಡಿಗೆ ಇತ್ತು, ಮುಂದೆ ಇರಲಿಲ್ಲ. ಮುಂದೆ ಬರೀ ಬಿಳಿ. ಕೊನೆಯ ಕಲ್ಲಿನ ಅಂಚಿಗೆ ಅವಳು ತಡೆದು ನಿಂತಾಗ ಬಲಗಾಲಿನ ಹೆಬ್ಬೆರಳು ಆ ಬಿಳಿಯೊಳಗೆ ಹೋಗಿ ಕಾಣದಾಯಿತು. ಆಮೇಲೆ ರಸ್ತೆ ಬಂತು. ಮೊದಲು ಬೂದು ಬಣ್ಣದ ಹಾಳೆಯಂತೆ, ಆಮೇಲೆ ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಸೆಗಣಿ, ಬದಿಗೆ ಬೇವಿನ ಮರ, ಎಲ್ಲಕ್ಕಿಂತ ಕೊನೆಗೆ ಮರಕ್ಕೆ ಎಲೆ. ಕೆರೆ ಬರುವಷ್ಟರಲ್ಲಿ ಕಸ್ತೂರಕ್ಕ ಮೊಣಕಾಲು ಹಿಡಿದುಕೊಂಡು ಅದಕ್ಕೆ ಬೈಯುತ್ತಿದ್ದಳು.

ಅವಳು ಖಾನಾವಳಿಗೆ ರೊಟ್ಟಿ ಬಡಿಯುವವಳು. ವಯಸ್ಸು ಮೂವತ್ತು ದಾಟಿದೆ. ನಮ್ಮ ಊರಿನ ಪದ್ಧತಿಯಂತೆ ಗೋಪುರದ ಪ್ರತಿ ತಿರುವಿನಲ್ಲೂ ನಿಂತು ಕೆಮ್ಮಿ, ಮುಂದಿನ ಮೆಟ್ಟಿಲು ಬಂದ ಮೇಲೆ ಕಾಲಿಟ್ಟು, ಹತ್ತಿ ಬಂದು ನನ್ನೆದುರು ಕೂತಳು.

"ಇನ್ನ ಎಷ್ಟ ದಿನಾ ದಾಕ್ಷಿ? ಮೊಣಕಾಲು ಕಟಕಟ ಅನ್ನಾಕತ್ತೈತಿ. ಈ ವರ್ಷ ಕೆರಿ ಒಂದ ಸುತ್ತ ನಿಲ್ಲದ ಓಡಲಿಲ್ಲ ಅಂದ್ರ, ಮುಂದ ನಾ ಓಡಾಕಿ ಅಲ್ಲ, ಕುಂತ ನೋಡಾಕಿ."

"ಓಡಬಾರದು ಅಂತ ಗ್ವಾಡಿ ಮ್ಯಾಲ ಬರಸ್ಯಾರಲ್ಲ ಅಕ್ಕಾ."

"ಆ ಗ್ವಾಡಿ ಬರೂದರಾಗ ನಾ ಅದನ್ನ ದಾಟಿರ್ತೀನಿ," ಅಂದಳು.

ಊರನ್ನು ಚಿತ್ರದಂತೆ ಬಿಡಿಸುವ ಯಂತ್ರ ಆ ಗೋಪುರದಲ್ಲಿತ್ತು, ಅದನ್ನು ನೋಡಿಕೊಳ್ಳುವವಳು ನಾನು. ಸಣ್ಣದೊಂದು ಕಂಪ್ಯೂಟರು. ಒಂದು ಫ್ಯಾನು ಗುಂಯ್ ಅನ್ನುತ್ತದೆ, ಇನ್ನೊಂದು ಅನ್ನುವುದಿಲ್ಲ. ಯಾರು ಎತ್ತ ನೋಡುತ್ತಾರೋ ಅತ್ತ ಅದು ಊರನ್ನು ತರಬೇಕು. ಜನ ಕಡಿಮೆ ಇದ್ದ ಕಾಲದಲ್ಲಿ ತರುತ್ತಿತ್ತು, ಕಸ್ತೂರಕ್ಕ ಲಂಗ ಎತ್ತಿಕೊಂಡು ಓಡುತ್ತಿದ್ದ ಕಾಲದಲ್ಲಿ. ಆಮೇಲೆ ಜನ ಹೆಚ್ಚಿದರು, ಕಣ್ಣು ಹೆಚ್ಚಿದವು, ಯಂತ್ರ ಏದುಸಿರು ಬಿಡತೊಡಗಿತು. ನಾವು ಹೊಂದಿಕೊಂಡೆವು. ಎದುರಾದವರನ್ನು "ಬಂತ್ರೀ?" ಎಂದು ಕೇಳುತ್ತೇವೆ. "ಬಂತು, ನಿಮಗ?" ಅನ್ನುತ್ತಾರೆ. ಬಸ್ಸಿನ ಕಂಡಕ್ಟರು ಸೇತುವೆಯ ಮುಂದೆ ಇಳಿದು, ಕಟ್ಟೆ ಎರಡೂ ಬದಿ ಬಂದ ಮೇಲೆ ಸೀಟಿ ಊದುತ್ತಾನೆ. ಹೆಣ್ಣು ನೋಡಲು ಬಂದವರಿಗೆ ಮೊದಲು ಚಹಾ ಕೊಟ್ಟು ಮಾತಿಗೆ ಹಚ್ಚುತ್ತಾರೆ, ಹುಡುಗಿಯ ಮೂಗು ಬರಲಿ ಎಂದು. ನಮ್ಮಲ್ಲಿ ಕಾಗೆ ಹಾರುವುದಿಲ್ಲ. ಮರದ ಮೇಲೆ ಇರುತ್ತದೆ, ಆಮೇಲೆ ಗೋಡೆಯ ಮೇಲೆ ಇರುತ್ತದೆ. ನಡುವೆ ಏನಾಯಿತೆಂದು ಕಾಗೆಗೇ ಗೊತ್ತು. ಯಾರಿಗೂ ಇದೊಂದು ದುಃಖವಾಗಿರಲಿಲ್ಲ. ಅವಸರವಿಲ್ಲದ ಜನ ನಾವು. ದುಃಖವಾಗಿದ್ದುದು ಕಸ್ತೂರಕ್ಕನಿಗೆ ಒಬ್ಬಳಿಗೇ. ಬಿಳಿಯಲ್ಲಿ ನೆಲ ಇದೆಯೆಂದು ನಂಬಬಹುದು, ಎಷ್ಟು ಕೆಳಗಿದೆಯೆಂದು ನಂಬುವಂತಿಲ್ಲ. ಆ ಮೊಣಕಾಲು ಹಾಳಾದದ್ದೇ ಹಾಗೆ, ಕೆರೆಯ ಮೆಟ್ಟಿಲು ಅವಳಿಗಿಂತ ತಡವಾಗಿ ಬಂದು. ಓಡಬಾರದೆಂಬ ಗೋಡೆಬರಹ ಅದರ ಮರುದಿನದ್ದು.

ಯಂತ್ರದ ಕೈ ಚುರುಕು ಮಾಡುವ ಹೊಸ ಗ್ರಾಫಿಕ್ಸ್ ಕಾರ್ಡ್ ಊರಿನಲ್ಲೇ ಇತ್ತು. ಪುರಸಭೆಯ ಅಧ್ಯಕ್ಷ ಗುರುಪಾದಪ್ಪನವರ ಕಬ್ಬಿಣದ ಕಪಾಟಿನಲ್ಲಿ, ಡಬ್ಬಿಯ ಸಮೇತ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಹಚ್ಚಲು ಯಾರೂ ಬಿಡುತ್ತಿರಲಿಲ್ಲ, ಯಾಕೆಂದರೆ ಹಿಂದೊಮ್ಮೆ ಬೇರೊಂದನ್ನು ಹಚ್ಚಿ ನೋಡಿದ್ದರು. ನನಗಿಂತ ಮೊದಲು ಯಂತ್ರ ನೋಡಿಕೊಳ್ಳುತ್ತಿದ್ದ ನನ್ನ ಸೋದರಮಾವ ಭರಮಪ್ಪ, ಒಂದು ದೊಡ್ಡ ಕಾರ್ಡ್ ತರಿಸಿ, ಏನನ್ನೂ ನೋಡದೆ, ಯಂತ್ರ ಆರಿಸಿ ಒಳಗೆ ತುರುಕಿದ. ಅದು ಹಿಡಿಸಲಿಲ್ಲ. ಮೊಣಕೈ ಕೊಟ್ಟು ಒತ್ತಿದ. ಕಾರ್ಡ್ ಕೂರುವ ಸ್ಲಾಟಿನ ತುಟಿ ಮುರಿಯಿತು. ಯಂತ್ರ ಹಚ್ಚಿದಾಗ ಊರು ಬಂತು, ದೇಸಾಯಿ ಗಲ್ಲಿ ಬರಲಿಲ್ಲ. ಗಲ್ಲಿ ಇರಬೇಕಾದಲ್ಲಿ ಬಿಳಿ ನಿಂತಿತ್ತು. ಆ ಗಲ್ಲಿಯವರು ಇಡೀ ಮಳೆಗಾಲ ಶಾಲೆಯ ವರಾಂಡದಲ್ಲಿ ಅಡಿಗೆ ಮಾಡಿಕೊಂಡರು. ಹಳೆಯ ಕಾರ್ಡನ್ನೇ ಮತ್ತೆ ಕೂರಿಸಿ ತುಟಿಗೆ ದಾರ ಕಟ್ಟಿದ ಮೇಲೆ ಗಲ್ಲಿ ಹಿಂದಿರುಗಿತು. ಮಾವ ಮಾತ್ರ ಆ ಗಲ್ಲಿಯಲ್ಲಿ ಆಮೇಲೆ ಕಾಲಿಟ್ಟಿರಲಿಲ್ಲ. ಕಸ್ತೂರಕ್ಕನ ಮನೆ ಇರುವುದು ಆ ಗಲ್ಲಿಯಲ್ಲಿ.

"ಹಿಡಸ್ತೈತಿ ಅಂತ ಮೊದಲ ತೋರಸು ತಂಗಿ," ಗುರುಪಾದಪ್ಪನವರು ಹೇಳಿದ್ದರು. "ಆಮ್ಯಾಲ ಯಂತ್ರ ಆರಸೂ ಮಾತು. ಅಲ್ಲೀತನಕ ಅದರ ಗುಂಡಿಗೆ ಬೆರಳು ಹಚ್ಚಾಂಗಿಲ್ಲ."

ಅವರು ತಪ್ಪೇನೂ ಹೇಳಿರಲಿಲ್ಲ. ಹಚ್ಚುವ ಮೊದಲು ನೋಡಬೇಕಾದ್ದು ನಾಲ್ಕು. ಒಂದೊಂದನ್ನೇ ನೋಡಿದೆ. ಸ್ಲಾಟಿನ ತುಟಿ ಮುರಿದಿದ್ದರೂ ಒಳಗಿನ ಹಲ್ಲುಗಳು ನೆಟ್ಟಗಿದ್ದವು. ಡಬ್ಬಿಯ ಮೇಲೆ ಕೊಟ್ಟ ಚಿತ್ರಕ್ಕೂ ಅದಕ್ಕೂ ಹೊಂದುತ್ತಿತ್ತು. ಪವರ್ ಸಪ್ಲೈ ಮೇಲಿನ ಚೀಟಿ ಒರೆಸಿ ಓದಿದೆ. ಕಾರ್ಡ್ ಕೇಳುವಷ್ಟು ಕರೆಂಟು ಕೊಟ್ಟು ಇನ್ನೂ ಮಿಗುತ್ತದೆ. ಆದರೆ ಕಾರ್ಡಿಗೆ ಬೇರೆಯದೇ ಒಂದು ಕರೆಂಟಿನ ವೈರು ಬೇಕಿತ್ತು. ಧೂಳಿನಲ್ಲಿ ಕೈಯಾಡಿಸಿದಾಗ ಯಾರೋ ಎಂದೋ ಸುತ್ತಿ ಕಟ್ಟಿಟ್ಟ ವೈರಿನ ಕಂತೆ ಸಿಕ್ಕಿತು, ತುದಿಯಲ್ಲಿ ಕಾರ್ಡ್ ಕೇಳುವಂಥದ್ದೇ ಆರು ತೂತು. ಇನ್ನು ಯಂತ್ರದ ಲೆಕ್ಕವೆಲ್ಲ ಮಾಡುವ ಪ್ರೊಸೆಸರು. ಹೊಸ ಕಾರ್ಡಿನ ಜೊತೆ ಹಳೆಯ ಪ್ರೊಸೆಸರು ಅಂದರೆ ಕುದುರೆಯ ಜೊತೆ ಎತ್ತು ಹೂಡಿದಂತೆ. ಕುದುರೆಯ ವೇಗ ಸಿಗುವುದಿಲ್ಲ, ನಿಜ. ಆದರೆ ಬಂಡಿ ಈಗಿನಷ್ಟು ನಿಧಾನವೂ ಹೋಗುವುದಿಲ್ಲ. ಅಷ್ಟು ಸಾಕು.

ಉಳಿದದ್ದು ಉದ್ದ. ಕಾರ್ಡಿನ ಉದ್ದ ಡಬ್ಬಿಯ ಮೇಲೆ ಅಚ್ಚಾಗಿತ್ತು, ಇಪ್ಪತ್ತಾರೂವರೆ ಸೆಂಟಿಮೀಟರು. ಪರಊರಿನ ಕಂಪನಿ ಹಾಕಿದ ಅಳತೆ, ಬದಲಾಗುವಂಥದ್ದಲ್ಲ. ಟೇಲರ್ ಹಸನಸಾಬರ ಟೇಪು ತಂದು ಯಂತ್ರದ ಕ್ಯಾಬಿನೆಟ್ಟಿನ ಒಳಗೆ ಹಿಡಿದೆ. ಇಪ್ಪತ್ತೇಳು ಬಂತು. ಕುಣಿದೆ. ಸಂಜೆ ಸುಮ್ಮನೆ ಇನ್ನೊಮ್ಮೆ ಹಿಡಿದೆ, ಇಪ್ಪತ್ತಾರು. ಮರುದಿನ ಸಂತೆಯ ಹೊತ್ತಿಗೆ ಇಪ್ಪತ್ತೈದು. ಟೇಪನ್ನು ಎಳೆದು ನೋಡಿದೆ, ಕಣ್ಣು ತೊಳೆದು ನೋಡಿದೆ. ಹಸನಸಾಬರ ಅಂಗಡಿಗೆ ಹೋಗಿ, "ಚಾಚಾ, ನಿಮ್ಮ ಟೇಪು ಸುಳ್ಳ ಹೇಳತೈತಿ," ಅಂದೆ.

"ಹೂಂ, ನೀನೂ ಬಂದಿ?" ಅಂದರು ಅವರು, ಸೂಜಿ ಬಾಯಲ್ಲಿಟ್ಟುಕೊಂಡೇ. "ಊರ ಹೆಂಗಸರೆಲ್ಲಾ ಬೈದ ಹೋಗ್ಯಾರ, ನೀ ಒಬ್ಬಾಕಿ ಉಳಿದಿದ್ದಿ. ತೋಳು ಗಿಡ್ಡ ಆತು, ಬೆನ್ನು ಉದ್ದ ಆತು. ಬೈ, ಬೈ. ನಂದೇನೈತಿ."

ನನ್ನ ಕುಪ್ಪಸದ ಎಡತೋಳು ಬಲತೋಳಿಗಿಂತ ಗಿಡ್ಡವಿತ್ತು. ಆ ದಿನ ಅದರ ಬಗ್ಗೆ ನಾನು ಯೋಚಿಸಲಿಲ್ಲ.

ಯೋಚಿಸಿದ್ದು ಸೋಮವಾರ. ಗೋಪುರದ ಕೆಳಗಿನ ಸಭಾಂಗಣದಲ್ಲಿ ಪುರಸಭೆಯ ಮೀಟಿಂಗಿತ್ತು, ಊರಿನ ಅರ್ಧ ಜನ ಅಲ್ಲಿ ಸೇರಿದ್ದರು. ನಾನು ಮೇಲೆ ಕ್ಯಾಬಿನೆಟ್ಟಿನೊಳಗೆ ತಲೆ ಹಾಕಿ ಟೇಪು ಹಿಡಿದಿದ್ದೆ. ಅಳತೆ ಇಪ್ಪತ್ತೈದು ಮತ್ತು ಇಪ್ಪತ್ತಾರರ ನಡುವೆ ಕಲಸಿದ ಹಿಟ್ಟಿನಂತಿತ್ತು. ಕೆಳಗೆ ಪ್ರಾರ್ಥನೆ ಶುರುವಾಯಿತು. ಒಮ್ಮೆಲೇ ನನ್ನ ಮೂಗಿನ ಮುಂದಿನ ಸ್ಕ್ರೂ ಸ್ಪಷ್ಟವಾಯಿತು. ಅದರ ತಲೆಯ ಗೀರು ಕಂಡಿತು, ಗೀರಿನಲ್ಲಿ ತುಕ್ಕು ಕಂಡಿತು, ಟೇಪಿನ ಅಂಕಿಗಳು ಇರುವೆ ಸಾಲಿನಂತೆ ನೆಟ್ಟಗೆ ನಿಂತವು. ಓದುವಷ್ಟರಲ್ಲಿ ಪ್ರಾರ್ಥನೆ ಮುಗಿಯಿತು. ಕೆಳಗೆ ಕುರ್ಚಿಗಳ ಸದ್ದು. ಸ್ಕ್ರೂ ಮತ್ತೆ ಬರೀ ಚುಕ್ಕೆಯಾಯಿತು.

ಕೆಳಗೆ ಅವರು ಕಣ್ಣು ಮುಚ್ಚಿದ್ದರು. ಅಷ್ಟೇ. ನೋಡುವ ಕಣ್ಣು ಕಡಿಮೆಯಾದ ಕೂಡಲೇ ಯಂತ್ರಕ್ಕೆ ಬಿಡುವು ಸಿಕ್ಕಿತ್ತು, ಬಿಡುವು ಸಿಕ್ಕಾಗ ತನ್ನನ್ನು ತಾನು ಬಿಡಿಸಿಕೊಂಡಿತ್ತು. ಬಡಿಸುವವಳು ಎಲ್ಲರ ಊಟವಾದ ಮೇಲೆ ಉಳಿದದ್ದು ಉಣ್ಣುವಂತೆ ಅದು ಊರೆಲ್ಲ ಬಿಡಿಸಿದ ಮೇಲೆ, ಉಳಿದ ಶಕ್ತಿಯಲ್ಲಿ, ತನ್ನ ಹೊಟ್ಟೆಯನ್ನು ಅಂದಾಜಿನ ಮೇಲೆ ಗೀಚಿಕೊಳ್ಳುತ್ತಿತ್ತು. ನಾನು ಅಳೆಯುತ್ತಿದ್ದುದು ಕ್ಯಾಬಿನೆಟ್ಟನ್ನಲ್ಲ, ಅದರ ದಣಿವನ್ನು.

ಮೆಟ್ಟಿಲಲ್ಲಿ ಕೆಮ್ಮುವುದನ್ನೂ ಮರೆತು ಇಳಿದು, ಎರಡು ಸಲ ಎಡವಿ, ಸಭೆಗೆ ನುಗ್ಗಿದೆ. ಹೇಳಿದೆ. ಊರೆಲ್ಲ ಒಟ್ಟಿಗೆ, ಹಗಲು ಹೊತ್ತಿನಲ್ಲಿ, ನಾನು ಹೇಳುವವರೆಗೆ ಕಣ್ಣು ಮುಚ್ಚಬೇಕು. ಆಗ ಮಾತ್ರ ಕ್ಯಾಬಿನೆಟ್ಟಿನ ನಿಜವಾದ ಉದ್ದ ಕಾಣುತ್ತದೆ.

ಮೊದಲು ಎದ್ದವರು ಹಸನಸಾಬರು. "ಅಂದ್ರ," ಅಂದರು, ಬಾಯಿಂದ ಸೂಜಿ ತೆಗೆದು, "ಅಂದ್ರ ಸಂಜಿ ಮುಂದ ತೋಳು ಗಿಡ್ಡ ಆಗೂದು ನನ್ನ ಕತ್ತರಿ ತಪ್ಪಲ್ಲ?"

"ಅಲ್ಲ ಚಾಚಾ."

"ಕೇಳಿದ್ರೆಲ್ಲಾ?" ಅವರು ಸಭೆಯ ಕಡೆ ತಿರುಗಿದರು. "ಎಲ್ಲಾರೂ ಕೇಳಿದ್ರಿ? ಗಂಗವ್ವಾ, ಕೇಳಿದೇನ? ಇನ್ನೊಮ್ಮೆ ಹೇಳವಾ ದಾಕ್ಷಿ, ಹಿಂದಿನವರಿಗೆ ಕೇಳ್ಸಿಲ್ಲ."

ಗುರುಪಾದಪ್ಪನವರಿಗೆ ನಗು ಬರಲಿಲ್ಲ. "ರಾತ್ರಿ ಎಲ್ಲಾರೂ ಮಲಗಿರ್ತಾರ. ಆವಾಗ ಅಳೀಬಾರದೇನು?"

"ರಾತ್ರಿ ಅದು ಕತ್ತಲಿ ಬಳದು ಕೈ ತೊಳಕೊಂತೈತ್ರಿ. ದೀಪ ಹಿಡದ್ರೂ ಮೂಲಿ ಬರೂದಿಲ್ಲ."

"ಊರೆಲ್ಲಾ ಕಣ್ಣು ಮುಚ್ಚಿದ್ರ ಕಳ್ಳರ ಗತಿ ಏನು?"

"ಅವರೂ ಮುಚ್ಚಬೇಕ್ರಿ."

ಸಭೆ ನಕ್ಕಿತು. ಅಧ್ಯಕ್ಷರು ಮೇಜು ಬಡಿದರು. "ನಗಬ್ಯಾಡ್ರಿ. ದೇಸಾಯಿ ಗಲ್ಲಿ ನೆನಪೈತಿಲ್ಲೋ? ಈ ಸಲ ಯಾವ ಗಲ್ಲಿ ಹೋಗತೈತಿ? ಯಾರ ಮನಿ? ಹೊಂದಿಕೊಂಡ ಹೊಂಟೀವಿ, ಹೊಂದಿಕೊಂಡ ಹೋಗೂಣು. ಯಾರಿಗೆ ಅವಸರ ಐತಿ ಇಲ್ಲಿ?"

"ನನಗ," ಅಂದಳು ಕಸ್ತೂರಕ್ಕ.

ಅವಳು ಹಿಂದೆ, ಬಾಗಿಲ ಹತ್ತಿರ ನಿಂತಿದ್ದಳು. ಎಲ್ಲರೂ ತಿರುಗಿದರು. ಅವಳ ಮುಖ ಬರಲು ತುಸು ತಡವಾಯಿತು, ಅಷ್ಟೊಂದು ಜನ ಒಮ್ಮೆಲೇ ನೋಡಿದ್ದರಿಂದ.

"ಹೋದ್ರ ನನ್ನ ಗಲ್ಲಿನ ಹೋಗತೈತಿ, ಹೋಗಲಿ. ವರಾಂಡದಾಗ ರೊಟ್ಟಿ ಬಡಿಯೂದು ನನಗ ಗೊತ್ತೈತಿ. ಆದ್ರ ಆಕಿ ಈಗ ಯಂತ್ರ ಆರಸ್ತೀನಿ ಅಂದಿಲ್ಲ, ಅಳೀತೀನಿ ಅಂದಾಳ. ಅಳಿಯಾಕ ಕಣ್ಣು ಮುಚ್ಚೂದು. ಊಟಾ ಮಾಡಿ ದಿನಾ ಮುಚ್ಚತೀರಿಲ್ಲ, ಈ ಕುರ್ಚಿ ಮ್ಯಾಲ? ಇವತ್ತ ಊಟಕ್ಕ ಮೊದಲ ಮುಚ್ರಿ."

ಅಧ್ಯಕ್ಷರು, ನಾಳೆ ಬೆಳಿಗ್ಗೆ ಆಗಲಿ ಅಂದರು. ಅವರು ಆ ಕುರ್ಚಿಯ ಮೇಲೆ ಮಲಗುವುದನ್ನು ಇಡೀ ಊರು ನೋಡಿತ್ತು.

ಮರುದಿನ ಬೆಳಿಗ್ಗೆ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಗೋಪುರದ ಗಂಟೆ ಹೊಡೆದೆ. ಊರು ಕಣ್ಣು ಮುಚ್ಚಿತು. ಒಮ್ಮೆಲೇ ಅಲ್ಲ. ನಂಬಿಕೆ ಇಲ್ಲದವರು ಒಂದು ಕಣ್ಣು ತೆರೆದಿಟ್ಟು ನೋಡಿದರು, ಪಕ್ಕದವರ ತಿವಿತಕ್ಕೆ ಮುಚ್ಚಿದರು. ಚಹಾದಂಗಡಿಯಲ್ಲಿ ಸೋಸುವ ಸದ್ದು ನಿಂತಿತು. ಗುಂಯ್ ಅನ್ನುತ್ತಿದ್ದ ಫ್ಯಾನು ಮೆಲ್ಲಗೆ ದನಿ ಇಳಿಸಿತು. ಒಳಗೆ ತಲೆ ಹಾಕುವ ಮೊದಲು, ಒಂದು ಉಸಿರಿನಷ್ಟು ಹೊತ್ತು, ನಾನು ಕಿಟಕಿಯ ಹೊರಗೆ ನೋಡಿದೆ.

ಊರು ಪೂರ್ತಿ ಇತ್ತು. ನಾನು ಹುಟ್ಟಿದ ಊರನ್ನು ಇಡಿಯಾಗಿ ಅಲ್ಲಿಯವರೆಗೆ ನೋಡಿರಲಿಲ್ಲ, ಯಾರೂ ನೋಡಿರಲಿಲ್ಲ. ಪ್ರತಿ ಹೆಂಚು, ಪ್ರತಿ ಹೆಂಚಿನ ಪಾಚಿ. ದೇಸಾಯಿ ಗಲ್ಲಿಯ ದನಗಳ ಕಿವಿಯ ಕೂದಲು. ಕೆರೆ ದುಂಡಗಿತ್ತು, ಅದರ ಸುತ್ತ ಬಿಳಿಯ ತುಂಡೊಂದೂ ಇಲ್ಲದೆ ದಾರಿ ಹೋಗಿ ತನ್ನನ್ನೇ ಕೂಡಿಕೊಂಡಿತ್ತು. ಬೀದಿಗಳಲ್ಲಿ ಜನ ಕಣ್ಣು ಮುಚ್ಚಿ, ಮುಖ ತುಸು ಮೇಲೆತ್ತಿ, ಕ್ಷೌರಕ್ಕೆ ಕೂತವರಂತೆ ನಿಂತಿದ್ದರು. ಕೆರೆ ರಸ್ತೆಯ ತುದಿಯಲ್ಲಿ ಕಸ್ತೂರಕ್ಕ, ಎರಡೂ ಅಂಗೈಯಿಂದ ಕಣ್ಣು ಒತ್ತಿ ಹಿಡಿದು. ಇಡೀ ದಾರಿ ಅವಳ ಮುಂದೆ ಬಿದ್ದಿತ್ತು, ಅದನ್ನು ನೋಡದಿರುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಟೇಪು ಹಿಡಿದೆ. ಅಂಕಿಗಳು ಅಲುಗಲಿಲ್ಲ. ಇಪ್ಪತ್ತಾರೂಕಾಲು.

ಮತ್ತೆ ಹಿಡಿದೆ. ಇಪ್ಪತ್ತಾರೂಕಾಲು. ಕಾರ್ಡು ಇಪ್ಪತ್ತಾರೂವರೆ. ಕಾಲು ಸೆಂಟಿಮೀಟರು, ಜೋಳದ ಕಾಳಿನ ಅಗಲ. ಮಾವನ ಮೊಣಕೈ ನೆನಪಾಯಿತು. ಕೆಳಗಿನ ಬೀದಿಯಿಂದ ಯಾರೋ, "ಆತೇನವಾ? ಕಣ್ಣು ಬೆವರಾಕತ್ತಾವು!" ಎಂದು ಕೂಗಿದರು. "ತಡೀರಿ!" ಅಂದೆ. ಟೇಪಿನ ತುದಿ ತಾಗಿ ನಿಂತ ಗೋಡೆಯನ್ನು ಬೈಯಲೆಂದೇ ಬಗ್ಗಿ ನೋಡಿದೆ.

ಅದು ಗೋಡೆಯಾಗಿರಲಿಲ್ಲ. ಗೋಡೆ ಒಂದು ಗೇಣು ಆಚೆಗಿತ್ತು. ಟೇಪು ತಾಗಿದ್ದು ತಗಡಿನ ಒಂದು ಗೂಡಿಗೆ, ಹಾರ್ಡ್ ಡಿಸ್ಕ್ ಕೂರಿಸುವ ಖಾಲಿ ಗೂಡಿಗೆ. ಒಳಗೆ ಏನೂ ಇರಲಿಲ್ಲ, ಒಣಗಿದ ಜೇಡದ ಬಲೆಯೊಂದನ್ನು ಬಿಟ್ಟು. ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ದಣಿದ ಯಂತ್ರ ಇಷ್ಟು ವರ್ಷ ಗೂಡನ್ನೂ ಗೋಡೆಯನ್ನೂ ಒಂದೇ ಬೂದು ಬಣ್ಣದಲ್ಲಿ ಬಳಿದು ಮುಗಿಸುತ್ತಿತ್ತು. ಭರಮಪ್ಪ ಮಾವ ಮೊಣಕೈ ಕೊಟ್ಟು ಗುದ್ದಾಡಿದ್ದು ಈ ಖಾಲಿ ಗೂಡಿನ ಜೊತೆ. ಸ್ಕ್ರೂಗಳ ಗೀರು ನನ್ನ ಕಣ್ಣ ಮುಂದೆ ಹೊಳೆಯುತ್ತಿದ್ದವು. ಒಂದು, ಎರಡು, ಮೂರು ಸುಲಭವಾಗಿ ಬಿಟ್ಟವು. ನಾಲ್ಕನೆಯದಕ್ಕೆ ಕೊಬ್ಬರಿ ಎಣ್ಣೆ ಬೇಕಾಯಿತು. ಗೂಡು ಕೈಗೆ ಬಂತು, ಹಗುರ, ಹಕ್ಕಿಯ ಪಂಜರದಂತೆ. ಟೇಪು ಹಿಡಿದೆ. ಕಾರ್ಡು ಕೂತು ಕಾಲು ಚಾಚುವಷ್ಟು ಜಾಗವಿತ್ತು.

ಗಂಟೆಯನ್ನು ಎಷ್ಟು ಜೋರಾಗಿ ಹೊಡೆದೆನೆಂದರೆ ಕೆಲವರು ಹೆದರಿ ಇನ್ನೂ ಗಟ್ಟಿಯಾಗಿ ಕಣ್ಣು ಮುಚ್ಚಿದರು.

ಗೂಡನ್ನು ಸಭೆಯ ಮೇಜಿನ ಮೇಲಿಟ್ಟೆ. ಗುರುಪಾದಪ್ಪನವರು ಅದರೊಳಗೆ ಕೈ ಹಾಕಿ, ಆಚೆಯಿಂದ ಬೆರಳು ತೆಗೆದು, ಬಹಳ ಹೊತ್ತು ತಮ್ಮ ಬೆರಳನ್ನೇ ನೋಡಿದರು. ಆಮೇಲೆ ಎದ್ದು ಕಪಾಟಿನ ಬೀಗ ತೆಗೆದರು. ಭರಮಪ್ಪ ಮಾವನಿಗೆ ಸುದ್ದಿ ಮುಟ್ಟಿಸಿದ್ದು ಹಸನಸಾಬರು. ಹತ್ತಿರದವರ ಪ್ರಕಾರ ಮಾವ, "ಹಂಗಾದ್ರ ಖಾಲಿ ಇತ್ತು?" ಎಂದಷ್ಟೇ ಕೇಳಿ, ಅಂಗಿ ಹಾಕಿಕೊಂಡು, ನೇರ ದೇಸಾಯಿ ಗಲ್ಲಿಗೆ ಹೋಗಿ ಯಾರದೋ ಕಟ್ಟೆಯ ಮೇಲೆ ಕೂತು ಚಹಾ ಕೇಳಿದ.

ಮಧ್ಯಾಹ್ನ ಯಂತ್ರ ಆರಿಸಿದೆ. ಬಿಳಿ ಬಂತು. ಬಿಳಿಯಲ್ಲಿ ಕೈಗೆ ಸಿಗುವುದು ಎರಡೇ, ಜನ ಮತ್ತು ಯಂತ್ರದ ಭಾಗಗಳು. ಬೀದಿ ಬೀದಿಯಲ್ಲಿ ಜನ ಕೈ ಹಿಡಿದುಕೊಂಡು ನಿಂತು, ಕಾಣದವರನ್ನು ಹೆಸರು ಹಿಡಿದು ಕೂಗುತ್ತಿದ್ದರು. ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಓ ಅನ್ನುತ್ತಾರೆ. ದೇಸಾಯಿ ಗಲ್ಲಿಯ ದನಿಗಳು ಎಲ್ಲಕ್ಕಿಂತ ಜೋರಾಗಿದ್ದವು, ಅವುಗಳಲ್ಲಿ ಮಾವನದೂ ಒಂದು. ಆ ದನಿಗಳನ್ನು ಕೇಳುತ್ತಲೇ ಹಳೆಯ ಕಾರ್ಡು ಬಿಚ್ಚಿ, ಬೆರಳಿನಿಂದ ಸ್ಲಾಟು ಹುಡುಕಿದೆ. ಕಾರ್ಡಿನ ಹಲ್ಲನ್ನು ಅದರ ಮೇಲಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಮೊಣಕೈ ಬೇಕಾಗಲಿಲ್ಲ. ಟಕ್ ಅಂದಿತು. ಮುರಿದ ತುಟಿಗೆ ಅದರದೇ ಹಳೆಯ ದಾರ ಮತ್ತೆ ಕಟ್ಟಿದೆ, ಕಂತೆ ಬಿಚ್ಚಿ ವೈರು ಸಿಕ್ಕಿಸಿದೆ, ಗುಂಡಿ ಒತ್ತಿದೆ.

ಊರು ಬರಲಿಲ್ಲ. ಇತ್ತು. ಬರುವುದಕ್ಕೂ ಇರುವುದಕ್ಕೂ ನಡುವೆ ನಾವು ಒಂದು ಆಯುಷ್ಯ ಕಳೆದಿದ್ದೆವು, ಅದು ಮುಗಿಯಿತು. ದೇಸಾಯಿ ಗಲ್ಲಿ ಇತ್ತು. ನಲ್ಲಿಯಿಂದ ನೀರು ಹನಿ ಹನಿಯಾಗಿ ಬೀಳುತ್ತಿತ್ತು, ಹನಿಗಳ ನಡುವೆ ಜಾಗವಿತ್ತು. ಒಂದು ಕಾಗೆ ಮರದಿಂದ ಎದ್ದು ಗೋಡೆಯವರೆಗೆ ಹಾರಿತು, ಪೂರ್ತಿ, ರೆಕ್ಕೆ ಬಡಿಯುತ್ತ. ಚೌಕದಲ್ಲಿ ನಿಂತವರೆಲ್ಲ ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ಕಾಗೆ ಗಾಬರಿಯಾಗಿ ವಾಪಸ್ಸು ಹಾರಿತು. ಮತ್ತೆ ಚಪ್ಪಾಳೆ. ತಿರುವುಗಳಲ್ಲಿ ಜನ ಅಭ್ಯಾಸಕ್ಕೆ ಬಿದ್ದು ಕೆಮ್ಮುತ್ತಿದ್ದರು, ಕೆಮ್ಮಿ ನಗುತ್ತಿದ್ದರು. ಹಸನಸಾಬರು ಟೇಪು ಎತ್ತಿಕೊಂಡು ಗಂಗವ್ವನ ಮನೆಯ ಕಡೆ ಹೊರಟಿದ್ದರು, ಹಳೆಯ ಲೆಕ್ಕ ತೀರಿಸುವವರ ನಡಿಗೆಯಲ್ಲಿ.

ನಾನು ಕಿಟಕಿಗೆ ಓಡಿದೆ. ಕೆರೆ ರಸ್ತೆಯಲ್ಲಿ ಕಸ್ತೂರಕ್ಕ ನೆರಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ತಲೆಯೆತ್ತಿ ನನ್ನನ್ನು ಹುಡುಕಿದಳು. ಈ ಸಲ ಕೂಗಲು ನನ್ನ ಹತ್ತಿರ ಏನೂ ಇರಲಿಲ್ಲ. ಆದರೂ ಕೂಗಿದೆ.

"ಓಡು!"

ಓಡಿದಳು. ಬೇವಿನ ಮರ ದಾಟಿದಳು, ಎಲೆಗಳು ಆಗಲೇ ಇದ್ದವು. ಓಡಬಾರದೆಂಬ ಗೋಡೆ ಅವಳಿಗಾಗಿ ಕಾದು ನಿಂತಿತ್ತು, ದಾಟಿದಳು. ಕೆರೆಯ ಮೆಟ್ಟಿಲ ಹತ್ತಿರ ಒಂದು ಕ್ಷಣ ಅವಳ ಹೆಜ್ಜೆ ತಡವರಿಸಿತು, ಮೊಣಕಾಲಿಗೆ ಹಳೆಯದು ನೆನಪಾಗಿರಬೇಕು. ಮೆಟ್ಟಿಲು ತನ್ನ ಜಾಗದಲ್ಲಿ ತಣ್ಣಗೆ ಕೂತಿತ್ತು. ಅವಳು ಅದನ್ನು ನೋಡಿದಳು, ಆಮೇಲೆ ನೋಡುವುದನ್ನು ಬಿಟ್ಟಳು. ಅಲ್ಲಿಂದಾಚೆಗೆ ಅವಳ ಓಟ ಬೇರೆಯಾಯಿತು. ಕುತ್ತಿಗೆ ಸಡಿಲವಾಯಿತು, ಸೆರಗು ಹಿಂದೆ ಹಾರಿತು, ಪಾದಗಳು ನೆಲವನ್ನು ಕೇಳದೆಯೇ ಬಿದ್ದವು. ಆಚೆ ದಂಡೆಯಲ್ಲಿ ಅವಳು ಉಗುರಿನಷ್ಟಾದಳು, ಆದರೂ ಕಂಡಳು. ನಾನು ಬಲ್ಲಂತೆ ಮೊದಲ ಸಲ ನಮ್ಮೂರಲ್ಲಿ ದೂರ ಹೋದವರು ಕಂಡರು. ಊರಿನ ಜನ ಕೆರೆಯ ಏರಿಗೆ ಓಡುತ್ತಿದ್ದರು, ತಾವು ಓಡುತ್ತಿದ್ದೇವೆಂದು ಗೊತ್ತೇ ಇಲ್ಲದೆ. ಅವಳು ತಿರುಗಿ ಬಂದಳು, ಕುಂಟುತ್ತ, ಹಲ್ಲು ಕಚ್ಚಿ, ನಿಲ್ಲದೆ. ಹೊರಟ ಕಲ್ಲನ್ನು ದಾಟಿದಳು. ದಾಟಿ ಇನ್ನೂ ನಾಲ್ಕು ಹೆಜ್ಜೆ ಓಡಿದಳು, ಯಾರೂ ಕೇಳದಿದ್ದರೂ.

ನಾನು ಏರಿಗೆ ತಲುಪುವಷ್ಟರಲ್ಲಿ ಜನ ಅವಳನ್ನು ಸುತ್ತಿಕೊಂಡಿದ್ದರು. ಅವಳು ನೆಲದ ಮೇಲೆ ಕಾಲು ಚಾಚಿ ಕೂತು, ತನ್ನ ಮೊಣಕಾಲನ್ನು ಮಗುವಿನ ತಲೆಯಂತೆ ತಟ್ಟುತ್ತಿದ್ದಳು. ಗುರುಪಾದಪ್ಪನವರು ಗುಂಪು ಸರಿಸಿಕೊಂಡು ಬಂದರು, ಅವರೂ ಏದುಸಿರು ಬಿಡುತ್ತಿದ್ದರು. ಹಿಂದೆ ಪುರಸಭೆಯ ಜವಾನ ಒಂದು ಕುರ್ಚಿ, ಒಂದು ದೊಡ್ಡ ಛತ್ರಿ, ಶಾಲು ಹೊತ್ತು ತಂದಿದ್ದ. ಅಧ್ಯಕ್ಷರು ಶಾಲನ್ನು ಬಿಡಿಸಿ ಅವಳ ಹೆಗಲಿಗೆ ಹೊದಿಸಿದರು. ಕಸ್ತೂರಕ್ಕ ಅದರಲ್ಲೇ ಮುಖ ಒರೆಸಿಕೊಂಡಳು.

"ನೋಡವಾ ಕಸ್ತೂರಿ," ಅಂದರು ಅಧ್ಯಕ್ಷರು, ಎಲ್ಲರಿಗೂ ಕೇಳುವಂತೆ. "ಊರು ನಿನ್ನ ಮರೆಯೂದಿಲ್ಲ. ಆದ್ರ ನಾಳಿಂದ ಎಲ್ಲಾರೂ ಓಡಾಕ ಹತ್ತತಾರ. ಹುಡುಗರು ಓಡತಾವು, ಮುದುಕರು ಓಡತಾರ, ಒಬ್ಬರಿಗೊಬ್ಬರು ಡಿಕ್ಕಿ ಹೊಡೀತಾರ. ಯಾರರ ನಿಂತು ತಡೀಬೇಕಲ್ಲ? ಈಗ ದಾರ್ಯಾಗ ಮೀಟಿಂಗ್ ಮಾಡಿ ಠರಾವು ಮಾಡೀವಿ. ಓಟದ ಮೇಲ್ವಿಚಾರಕಿ ಅಂತ ಹೊಸಾ ಹುದ್ದೆ. ಪರ್ಮನೆಂಟು. ಇದ ಏರಿ ಮ್ಯಾಲ ನೆರಳಾಗ ಕುಂದರೂದು, ಓಡಾವರನ್ನ ಕಂಡ್ರ ಸೀಟಿ ಊದೂದು. ರೊಟ್ಟಿ ಬಡಿಯೂದು ಸಾಕು. ನಿನಗಿಂತ ಚಲೋ ಯಾರು ಸಿಗತಾರ?"

ಜವಾನ ಕುರ್ಚಿಯನ್ನು ನೀರಿನ ಕಡೆ ಮುಖ ಮಾಡಿ ಇಟ್ಟು, ಛತ್ರಿ ಬಿಚ್ಚಿ ಹಿಡಿದ. ಗುರುಪಾದಪ್ಪನವರು ಜೇಬಿನಿಂದ ಕೆಂಪು ದಾರದ ಹೊಸ ಸೀಟಿ ತೆಗೆದು, ಎರಡೂ ಕೈಯಲ್ಲಿ, ಪ್ರಸಾದ ಕೊಡುವಂತೆ ಅವಳ ಮುಂದೆ ಚಾಚಿದರು. ಕಸ್ತೂರಕ್ಕ ಸೀಟಿಯನ್ನು ನೋಡಿದಳು, ಕುರ್ಚಿಯನ್ನು ನೋಡಿದಳು. ಆಮೇಲೆ ಕೈಯೂರಿ ಎದ್ದಳು, ಶಾಲನ್ನು ತೆಗೆದು ನನ್ನ ಕೈಗಿತ್ತಳು, ನೆರಿಗೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಒಲ್ಲೆ," ಅಂದಳು.